ಬೇರೆ ಕಾಲೇಜಿನ ಪ್ರೋಗ್ರಾಮ್ ನಮ್ಮ ಕಾಲೇಜಿಗೆ ತರುದು ಹೇಗೆ: ಹತ್ತು ದಿನ ಹೋಗಿ ಕೂತು ಬಂದವರ ಲೆಕ್ಕ

ನಮ್ಮ ಸ್ಟಾಫ್ ರೂಮಿನ ಕಪಾಟಿನಲ್ಲಿ ಒಂದು ನೀಲಿ ಬಾಕ್ಸ್ ಫೈಲ್ ಉಂಟು, ಮೇಲೆ ಮಾರ್ಕರಿನಲ್ಲಿ ಎಂಓಯು ಅಂತ ಬರ್ದಿದ್ದಾರೆ. ಒಳಗೆ ಹನ್ನೊಂದು ಒಪ್ಪಂದ, ಅದ್ರಲ್ಲಿ ಏಳು ಕ್ರಿಶ್ಚಿಯನ್ ಕಾಲೇಜುಗಳ ಜೊತೆಗಿನದ್ದೇ, ಒಂದೊಂದರ ಹಿಂದೆಯೂ ನಾಲ್ಕು ಜನ ಕಾಗದ ಹಿಡ್ಕೊಂಡು ನಿಂತ ಕಲರ್ ಫೋಟೋ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಟೀಮ್ ಬರುವಾಗ ಆ ಫೈಲ್ ಹೊರಗೆ ಬರ್ತದೆ, ಟೀಮ್ ಹೋದ್ಮೇಲೆ ವಾಪಸ್ ಒಳಗೆ ಹೋಗ್ತದೆ.

ಫ್ಯಾಕಲ್ಟಿ ಎಕ್ಸ್‌ಚೇಂಜ್ ನಾವೂ ಒಮ್ಮೆ ಮಾಡಿದ್ವಿ ಮಾರಾಯ್ರೆ. ಹೊರ ರಾಜ್ಯದ ಒಂದು ಕಾಲೇಜಿನಿಂದ ಒಬ್ರು ಮೇಡಂ ಬಂದ್ರು, ಒಳ್ಳೆ ಕೆಲಸ ಮಾಡಿದವ್ರು, ಅವರ ಕಾಲೇಜಿನ ಮಕ್ಕಳು ಹಳ್ಳಿಗೆ ಹೋಗಿ ಮಾಡುವ ಕೆಲಸಕ್ಕೆ ಮಾರ್ಕ್ಸೂ ಸಿಗುವ ಹಾಗೆ ಒಂದು ಪ್ರೋಗ್ರಾಮ್ ನಡೆಸ್ತಾ ಇದ್ದವ್ರು. ನಾವೆಂತ ಮಾಡಿದ್ವಿ ಅಂದ್ರೆ ಅವ್ರಿಗೆ ಶಾಲು ಹಾಕಿದ್ವಿ, ಮೊಮೆಂಟೊ ಕೊಟ್ವಿ, ಎವಿ ಹಾಲಿನಲ್ಲಿ ಇನ್ನೂರು ಮಕ್ಕಳನ್ನು ಕೂರ್ಸಿ ಒಂದು ಗಂಟೆ ಪಿಪಿಟಿ ಹಾಕ್ಸಿದ್ವಿ, ಸ್ಲೈಡು 60ರ ಮೇಲಿತ್ತು, ಹಿಂದಿನ ಬೆಂಚಿನವ್ರು ಮೊಬೈಲ್ ನೋಡ್ತಾ ಇದ್ರು, ಮಧ್ಯಾಹ್ನ ಮೀನೂಟ ಆಯ್ತು, ಸಂಜೆ ಬೀಚಿಗೆ ಕರ್ಕೊಂಡು ಹೋಗಿ ರಾತ್ರಿ ರೈಲು ಹತ್ತಿಸಿದ್ವಿ. ಮರುವರ್ಷ ನಮ್ಮಲ್ಲಿ ಆ ಪ್ರೋಗ್ರಾಮ್ ಶುರುವಾಯ್ತಾ? ಎಲ್ಲಿಂದ! ಶುರು ಮಾಡ್ಬೇಕಾದವ್ರು ಯಾರು ಅಂತಲೇ ನಾವು ತೀರ್ಮಾನ ಮಾಡಿರ್ಲಿಲ್ಲ, ಆ ದಿನ ಹಾಲಿನಲ್ಲಿ ಕೂತಿದ್ದ ಮೇಷ್ಟ್ರುಗಳೂ ಅಟೆಂಡೆನ್ಸ್ ಸರ್ಟಿಫಿಕೇಟಿಗೆ ಕೂತದ್ದು.

ಎರಡು ವರ್ಷ ಬಿಟ್ಟು ಅದನ್ನೇ ತಿರುವುಮುರುವು ಮಾಡಿದ್ವಿ. ಅವ್ರನ್ನು ಕರೆಯುವ ಬದ್ಲು ನಾನು ಅಲ್ಲಿಗೆ ಹೋದೆ, ಹತ್ತು ದಿನ ಕೂತೆ, ಒಂದೂ ಲೆಕ್ಚರ್ ಕೊಡ್ಲಿಲ್ಲ. ಈಗ ನಮ್ಮಲ್ಲಿ ಆ ಪ್ರೋಗ್ರಾಮ್ ನಡೀತಾ ಉಂಟು, ಚಿಕ್ಕದು, ಕುಂಟ್ತಾ ಕುಂಟ್ತಾ, ಆದ್ರೂ ನಡೀತಾ ಉಂಟು. ಹೇಗೆ ಮಾಡಿದ್ದು ಅಂತ ಬೇರೆ ಕಾಲೇಜಿನ ಫ್ರೆಂಡ್ಸು ಕೇಳ್ತಾ ಇರ್ತಾರೆ, ಪ್ರತಿಯೊಬ್ರಿಗೂ ಬೇರೆ ಬೇರೆ ವಾಯ್ಸ್ ಮೆಸೇಜ್ ಕಳ್ಸಿ ಸಾಕಾಯ್ತು, ಅದಕ್ಕೆ ಒಂದೇ ಕಡೆ ಬರ್ದಿಡ್ತೇನೆ.

ಯಾರ ಹತ್ರ ಎಂತ ಉಂಟು ಅಂತ ಹುಡುಕುದು

ಇದು ಸುಲಭ, ಆದ್ರೆ ಯಾರೂ ಮಾಡುದಿಲ್ಲ. ನ್ಯಾಕಿಗೆ ಕೊಡುವ ರಿಪೋರ್ಟಿನ ಏಳನೇ ಕ್ರೈಟೀರಿಯನ್ನಿನಲ್ಲಿ ಬೆಸ್ಟ್ ಪ್ರ್ಯಾಕ್ಟೀಸಸ್ ಅಂತ ಒಂದು, ಇನ್‌ಸ್ಟಿಟ್ಯೂಷನಲ್ ಡಿಸ್ಟಿಂಕ್ಟಿವ್‌ನೆಸ್ ಅಂತ ಇನ್ನೊಂದು ಉಂಟಲ್ಲ, ಪ್ರತಿ ಕಾಲೇಜೂ ಅದನ್ನು ಬರ್ದು ತಮ್ಮ ವೆಬ್‌ಸೈಟಿಗೆ ಹಾಕಿರ್ತದೆ. ಐಕ್ಯುಎಸಿ, ಅಂದ್ರೆ ಕಾಲೇಜಿನೊಳಗಿನ ಗುಣಮಟ್ಟದ ಸೆಲ್ಲಿನ ಕೋಆರ್ಡಿನೇಟರು ರಾತ್ರಿ ಹನ್ನೊಂದು ಗಂಟೆಗೆ ಕಣ್ಣುಜ್ಜಿಕೊಂಡು ಬರ್ದದ್ದು, ಓದುವವ್ರು ಯಾರೂ ಇಲ್ಲ. ನೀವು ಓದಿ. ಇಪ್ಪತ್ತು ಕಾಲೇಜಿನದ್ದು ಓದಿದ್ರೆ ಹದಿನೈದರಲ್ಲಿ ಗಿಡ ನೆಟ್ಟದ್ದು, ಪ್ಲಾಸ್ಟಿಕ್ ಬಿಟ್ಟದ್ದು, ಮೆಂಟರಿಂಗ್ ಮಾಡಿದ್ದು ಇರ್ತದೆ, ಅದನ್ನು ದಾಟಿ ಹೋಗಿ. ಬಾಕಿ ಐದರಲ್ಲಿ ನಿಜವಾಗಿ ಎಂತದೋ ಒಂದು ಇರ್ತದೆ.

ನನಗೆ ಗೊತ್ತಿರುವ ಕೆಲವನ್ನು ಹೇಳ್ತೇನೆ. ಮುಂಬೈಯ ಸೇಂಟ್ ಝೇವಿಯರ್ಸ್‌ನಲ್ಲಿ 2003ರಿಂದ ದೃಷ್ಟಿ ಸವಾಲಿರುವ ಮಕ್ಕಳಿಗಾಗಿ ಒಂದು ರಿಸೋರ್ಸ್ ಸೆಂಟರ್ ಉಂಟು, ಪುಸ್ತಕಗಳನ್ನು ಆ ಮಕ್ಕಳು ಓದುವ ರೂಪಕ್ಕೆ ತರುದು, ಸ್ಕ್ರೀನ್ ರೀಡರ್ ಕಲಿಸುದು, ಅವರ ಪರವಾಗಿ ಬ್ಯಾಂಕು ಇಲಾಖೆಗಳ ಹತ್ರ ಮಾತಾಡುದು, ಎಲ್ಲ ಮಾಡ್ತಾರೆ. ಮದುರೈಯ ಲೇಡಿ ಡೋಕ್ ಕಾಲೇಜು, 1948ರಲ್ಲಿ ಶುರುವಾದದ್ದು, ಸರ್ವಿಸ್ ಲರ್ನಿಂಗ್ (ಊರಿನವ್ರಿಗೆ ಕೆಲಸ ಮಾಡ್ತಾ ಪಾಠ ಕಲಿಯುದು) ಅಂದ್ರೆ ಕ್ರಿಶ್ಚಿಯನ್ ಕಾಲೇಜುಗಳ ಮಧ್ಯೆ ಮೊದ್ಲು ಬಾಯಿಗೆ ಬರುವ ಹೆಸರುಗಳಲ್ಲಿ ಅದೊಂದು. ನಮ್ಮ ಮಂಗಳೂರಿನಲ್ಲೇ ನೋಡಿ, ಸಂತ ಅಲೋಶಿಯಸ್‌ನವರ ರೇಡಿಯೋ ಸಾರಂಗ್ 107.8 ಸಮುದಾಯ ರೇಡಿಯೋ, ಕನ್ನಡ ತುಳು ಕೊಂಕಣಿ ಎಲ್ಲ ಕೇಳ್ಲಿಕ್ಕೆ ಸಿಗ್ತದೆ. ರೋಶನಿ ನಿಲಯದವ್ರು 1960ರಿಂದ ಸೋಶಿಯಲ್ ವರ್ಕ್ ಕಲಿಸ್ತಾ ಇದ್ದಾರೆ, ಫೀಲ್ಡ್ ವರ್ಕ್ ಹೇಗೆ ಸೂಪರ್‌ವೈಸ್ ಮಾಡುದು ಅಂತ ತಿಳ್ಕೊಳ್ಳಿಕ್ಕೆ ಉಡುಪಿಯವ್ರೋ ಪುತ್ತೂರಿನವ್ರೋ ರೈಲು ಹತ್ತಿ ಚೆನ್ನೈಗೆ ಹೋಗ್ಬೇಕಂತ ಇಲ್ಲ, ಬಸ್ಸಿನಲ್ಲಿ ಬಂದ್ರೆ ಆಯ್ತು. ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಬಾಸೆಲ್ ಮಿಷನ್ ಕಾಲದ ದಾಖಲೆಗಳಿವೆ, ಹಿಸ್ಟರಿಯವ್ರಿಗೂ ಕನ್ನಡ ಡಿಪಾರ್ಟ್‌ಮೆಂಟಿನವ್ರಿಗೂ ಹತ್ತು ದಿನ ಯಾಕೆ, ಹತ್ತು ತಿಂಗಳ ಕೆಲಸ ಉಂಟು ಅಲ್ಲಿ. ಹತ್ರದ್ದು ಕಣ್ಣಿಗೆ ಕಾಣುದಿಲ್ಲ ಅನ್ನುದು ನಮ್ಮ ಹಳೇ ರೋಗ.

ಯಾವುದು ಬರ್ತದೆ, ಯಾವುದು ಬರ್ಲಿಕ್ಕಿಲ್ಲ

ಎಲ್ಲ ಒಳ್ಳೇದೂ ತರ್ಲಿಕ್ಕೆ ಆಗುದಿಲ್ಲ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಹಾಲ್‌ಗಳ ಬಗ್ಗೆ ಕೇಳಿರ್ಬಹುದು, ಸೇಲೈಯೂರ್ ಹಾಲ್, ಸೇಂಟ್ ಥಾಮಸ್ ಹಾಲ್, ಬಿಷಪ್ ಹೀಬರ್ ಹಾಲ್, ಅಲ್ಲಿ ಓದಿದವ್ರು ಐವತ್ತು ವರ್ಷ ಕಳೆದ್ರೂ ಮೊದ್ಲು ಹಾಲಿನ ಹೆಸ್ರು ಹೇಳ್ತಾರೆ, ಆಮೇಲೆ ಡಿಗ್ರಿ. ಆದ್ರೆ ಆ ಕಾಲೇಜು 1937ರಲ್ಲಿ ಪಟ್ಟಣ ಬಿಟ್ಟು ತಾಂಬರಂಗೆ ಹೋಯ್ತು, 365 ಎಕರೆ ಕಾಡಿನಂಥ ಕ್ಯಾಂಪಸ್ಸು. ನಮ್ಮದು ಬಸ್ ಸ್ಟ್ಯಾಂಡಿನ ಹಿಂದೆ ಮೂರು ಮಾಳಿಗೆ ಕಟ್ಟಡ, ಮಕ್ಕಳು ನಾಲ್ಕು ಗಂಟೆಯ ಬಸ್ಸಿಗೆ ಮನೆಗೆ ಹೋಗುವವ್ರು. ಅಂಥದ್ದನ್ನು ನೋಡಿ ಬಂದು ನಮ್ಮಲ್ಲೂ ಹೌಸ್ ಸಿಸ್ಟಮ್ ಅಂತ ನಾಲ್ಕು ಬಣ್ಣದ ಟೀಶರ್ಟ್ ಹೊಲಿಸಿದ್ರೆ ಅದು ಹೈಸ್ಕೂಲ್ ಸ್ಪೋರ್ಟ್ಸ್ ಡೇ ಆಗ್ತದೆ ಅಷ್ಟೇ.

ಸಮುದಾಯ ರೇಡಿಯೋ ಕೂಡ ಹಾಗೇ, ಲೈಸೆನ್ಸು ಕೇಂದ್ರ ಸರ್ಕಾರದಿಂದ ಬರ್ಬೇಕು, ಟವರ್ ಬೇಕು, ದಿನಾ ಮೈಕಿನ ಎದುರು ಕೂರುವ ಜನ ಬೇಕು. ನೀವು ರೇಡಿಯೋ ಸ್ಟೇಷನ್ ತರುದಲ್ಲ, ಅರ್ಧ ಗಂಟೆಯ ಕಾರ್ಯಕ್ರಮ ಬರ್ದು, ರೆಕಾರ್ಡ್ ಮಾಡಿ, ಎಡಿಟ್ ಮಾಡ್ಲಿಕ್ಕೆ ಮಕ್ಕಳಿಗೆ ಕಲಿಸುವ ಕ್ರಮ ತರ್ಬಹುದು, ಇರುವ ಸ್ಟೇಷನ್ನಿಗೆ ಅದನ್ನು ಕೊಡ್ಬಹುದು. ಹೀಗೆ ದೊಡ್ಡದ್ರಲ್ಲಿ ನಮ್ಮ ಬಾಯಿಗೆ ಹಿಡಿಯುವ ತುತ್ತು ಯಾವುದು ಅಂತ ಹೋಗುವ ಮೊದ್ಲೇ ನೋಡಿಟ್ಕೊಳ್ಳಿ.

ನನ್ನ ಅಳತೆ ಸರಳ. ಒಂದು ಹೊಸ ಕಟ್ಟಡ ಬೇಡ, ಹೊಸ ಪೋಸ್ಟ್ ಬೇಡ, ಎರಡು ಮೇಷ್ಟ್ರು ಒಂದು ಅಟೆಂಡರ್ ಇದ್ರೆ ಮೊದಲ ವರ್ಷ ನಲ್ವತ್ತು ಮಕ್ಕಳಿಗೆ ನಡೆಸ್ಲಿಕ್ಕೆ ಆಗ್ತದಾ? ಆಗ್ತದೆ ಅಂತಾದ್ರೆ ಹೋಗಿ. ಇಲ್ಲದಿದ್ರೆ ಚೆನ್ನಾಗುಂಟು ಅಂತ ಹೊಗಳಿ ಬಿಟ್ಬಿಡಿ.

ಕೇಳುದು ಯಾರ ಹತ್ರ

ಇಲ್ಲೊಂದು ಒಳಗಿನ ಮಾತುಂಟು. ಕ್ರಿಶ್ಚಿಯನ್ ಕಾಲೇಜುಗಳು ಅಂತ ಹೊರಗಿನವ್ರು ಒಂದೇ ಉಸಿರಿನಲ್ಲಿ ಹೇಳ್ತಾರೆ, ಒಳಗೆ ನೋಡಿದ್ರೆ ಜೆಸ್ವಿಟ್ಸ್, ಅಂದ್ರೆ ಯೇಸು ಸಭೆಯ ಫಾದರುಗಳು, ಜೆಸ್ವಿಟ್ಸ್ ಹತ್ರವೇ ಮಾತಾಡುದು, ಒಂದು ಕಾಂಗ್ರಿಗೇಷನ್ನಿನ (ಸನ್ಯಾಸಿನಿಯರ ಸಭೆಯ) ಸಿಸ್ಟರ್ಸ್ ಅದೇ ಕಾಂಗ್ರಿಗೇಷನ್ನಿನ ಕಾಲೇಜಿಗೇ ಹೋಗುದು, ಪ್ರೊಟೆಸ್ಟೆಂಟರ ಸಿಎಸ್ಐ ಕಾಲೇಜಿನವ್ರಿಗೆ ಕೆಥೋಲಿಕ್ ಕಾಲೇಜಿನಲ್ಲಿ ಎಂತ ನಡೀತದೆ ಅಂತ ಗೊತ್ತೇ ಇರುದಿಲ್ಲ. ಹೆಸ್ರು ನೋಡಿ ಲೆಕ್ಕ ಹಾಕ್ಲಿಕ್ಕೂ ಹೋಗ್ಬೇಡಿ, ನಮ್ಮ ಮಂಗಳೂರಿನ ಸೇಂಟ್ ಆಗ್ನೆಸ್ ಕಾಲೇಜು ಅಪೋಸ್ಟೋಲಿಕ್ ಕಾರ್ಮೆಲ್‌ನವ್ರದ್ದು, ಬೆಂಗ್ಳೂರಿನ ಮೌಂಟ್ ಕಾರ್ಮೆಲ್‌ನ ಹೆಸ್ರಿನಲ್ಲೂ ಕಾರ್ಮೆಲ್ ಉಂಟು, ಆದ್ರೆ ಅದು ಬೇರೆಯೇ ಸಭೆಯ ಸಿಸ್ಟರ್ಸ್‌ನದ್ದು. ನಾನೊಮ್ಮೆ ಎರಡೂ ಒಂದೇ ಅಂತ ತಿಳ್ಕೊಂಡು ಮಾತಾಡಿ ಒಬ್ರು ಸಿಸ್ಟರ್ ನಕ್ಕದ್ದು ಇನ್ನೂ ನೆನಪುಂಟು.

ಈ ಬೇಲಿ ಹಾರುದು ಹೊಸ ವಿಷ್ಯ ಏನಲ್ಲ. ಚೆನ್ನೈಯ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು 1915ರಲ್ಲಿ ಶುರುವಾದದ್ದೇ ಹನ್ನೆರಡು ಮಿಷನ್ ಸೊಸೈಟಿಗಳು ಸೇರಿ, ಬ್ರಿಟಿಷರದ್ದೂ ಅಮೆರಿಕದವ್ರದ್ದೂ. ಬೆಂಗ್ಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಹೆಸ್ರಿನಲ್ಲೇ ಯುನೈಟೆಡ್ ಉಂಟು, ಅದು 1910. 1931ರಲ್ಲಿ ಆಕ್ಸ್‌ಫರ್ಡಿನ ಲಿಂಡ್ಸೆ ಅನ್ನುವವರ ಕಮಿಷನ್ ಭಾರತದ ಕ್ರಿಶ್ಚಿಯನ್ ಕಾಲೇಜುಗಳನ್ನು ಸುತ್ತಿ ನೋಡಿ, ಪರೀಕ್ಷೆಗೆ ಪಾಠ ಹೇಳುದಷ್ಟೇ ಸಾಲದು, ಸುತ್ತಲಿನ ಊರಿಗೆ ಉಪಯೋಗ ಆಗುವ ಸಂಶೋಧನೆ, ವಿಸ್ತರಣೆ ಕೆಲಸ ಕೂಡ ಮಾಡ್ಬೇಕು ಅಂತ ರಿಪೋರ್ಟು ಕೊಟ್ಟಿತ್ತು. ತೊಂಬತ್ತು ವರ್ಷದ ಮೇಲಾಯ್ತು, ನಾವಿನ್ನೂ ಪಿಪಿಟಿಯಲ್ಲೇ ಇದ್ದೇವೆ.

ದೆಹಲಿಯಲ್ಲಿ ಆಲ್ ಇಂಡಿಯಾ ಅಸೋಸಿಯೇಷನ್ ಫಾರ್ ಕ್ರಿಶ್ಚಿಯನ್ ಹೈಯರ್ ಎಜುಕೇಷನ್ ಅಂತ ಒಂದುಂಟು, 1960ರ ದಶಕದ್ದು, ಕೆಥೋಲಿಕ್ ಪ್ರೊಟೆಸ್ಟೆಂಟ್ ಎರಡೂ ಕಡೆಯ ಕಾಲೇಜುಗಳು ಅದ್ರಲ್ಲಿವೆ. ನಿಮ್ಮ ಕಾಲೇಜು ಮೆಂಬರ್ ಆಗಿರುವ ಚಾನ್ಸ್ ಜಾಸ್ತಿ, ಆಫೀಸಿನಲ್ಲಿ ಕೇಳಿ ನೋಡಿ, ಚಂದಾ ಕಟ್ಟಿದ ರಸೀದಿ ಇರ್ತದೆ, ಬಳಸಿದ್ದು ಇರುದಿಲ್ಲ. ಏಷ್ಯಾ ಮಟ್ಟದಲ್ಲಿ ಯುನೈಟೆಡ್ ಬೋರ್ಡ್ ಅಂತ ಇನ್ನೊಂದು, ಫ್ಯಾಕಲ್ಟಿಗೆ ಫೆಲೋಶಿಪ್ ಎಲ್ಲ ಕೊಡ್ತಾರೆ, ಆದ್ರೆ ಅದು ಅರ್ಜಿ ಹಾಕಿ ಕಾಯುವ ದಾರಿ. ಹತ್ತು ದಿನದ ಕೆಲಸಕ್ಕೆ ಅಷ್ಟು ದೂರ ಹೋಗುದು ಬೇಡ. ಮೊದ್ಲು ಆ ಪ್ರೋಗ್ರಾಮ್ ನಡೆಸುವ ಮೇಷ್ಟ್ರಿಗೆ ಫೋನ್ ಮಾಡಿ, ಪ್ರಿನ್ಸಿಪಾಲ್ರಿಗಲ್ಲ. ಮೇಷ್ಟ್ರಿಗೆ ಇಷ್ಟ ಇಲ್ಲದಿದ್ರೆ ಪ್ರಿನ್ಸಿಪಾಲ್ರು ಎಷ್ಟು ಪ್ರೀತಿಯಿಂದ ಬನ್ನಿ ಅಂದ್ರೂ ನಿಮ್ಗೆ ಕ್ಯಾಂಪಸ್ ಟೂರ್, ಚಾಪೆಲ್, ಲೈಬ್ರರಿ ತೋರ್ಸಿ ಕಳಿಸ್ತಾರೆ.

ಮೇಷ್ಟ್ರು ಒಪ್ಪಿದ್ಮೇಲೆ ಪ್ರಿನ್ಸಿಪಾಲ್ರಿಂದ ಪ್ರಿನ್ಸಿಪಾಲ್ರಿಗೆ ಕಾಗದ ಹೋಗ್ಲಿ. ಹೊರ ರಾಜ್ಯಕ್ಕಾದ್ರೆ ಇಂಗ್ಲಿಷಿನಲ್ಲೇ ಬರೀಬೇಕು ಬಿಡಿ, ನಮ್ಮದ್ರ ಸಾರ ಇಷ್ಟೇ ಇತ್ತು: “ನಮ್ಮ ಅರ್ಥಶಾಸ್ತ್ರ ವಿಭಾಗದ ಒಬ್ಬರು ಹತ್ತು ದಿನ ನಿಮ್ಮಲ್ಲಿ ಇದ್ದು ನಿಮ್ಮ ಪ್ರೋಗ್ರಾಮ್ ನಡೆಯುವ ರೀತಿ ನೋಡ್ತಾರೆ. ಲೆಕ್ಚರ್, ಸಭೆ, ಸನ್ಮಾನ ಯಾವುದೂ ಬೇಡ. ಫೀಲ್ಡಿಗೆ ಹೋಗುವಾಗ ಜೊತೆಗೆ ಹೋಗ್ಲಿಕ್ಕೆ, ಮಕ್ಕಳ ರೆಕಾರ್ಡು ನೋಡ್ಲಿಕ್ಕೆ, ಮಾರ್ಕ್ಸ್ ಹಾಕುವಾಗ ಪಕ್ಕದಲ್ಲಿ ಕೂರ್ಲಿಕ್ಕೆ ಅವಕಾಶ ಕೊಟ್ರೆ ಸಾಕು. ಮುಂದಿನ ವರ್ಷ ನಮ್ಮಲ್ಲಿ ಶುರುವಾದಾಗ ನಿಮ್ಮವ್ರು ಒಂದು ವಾರ ಬಂದು ನಾವು ಎಲ್ಲಿ ತಪ್ಪಿದ್ದೇವೆ ಅಂತ ಹೇಳ್ಬೇಕು, ಆ ಖರ್ಚು ನಮ್ಮದು.” ಸನ್ಮಾನ ಬೇಡ ಅನ್ನುವ ಸಾಲು ಕಡ್ಡಾಯವಾಗಿ ಹಾಕಿ, ಇಲ್ಲದಿದ್ರೆ ನಿಮ್ಮ ಮೊದಲನೇ ದಿನ ಅದಕ್ಕೇ ಹೋಗ್ತದೆ. ಹಾಕಿದ್ರೂ ಒಂದು ಶಾಲು ಬರ್ತದೆ, ಅದು ಬೇರೆ ವಿಷ್ಯ.

ಯಾರನ್ನು ಕಳಿಸುದು, ಯಾವಾಗ

ಸೀನಿಯಾರಿಟಿ ನೋಡಿ ಕಳಿಸಿದ್ರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಎಚ್ಓಡಿಗೆ ರಿಟೈರ್ ಆಗ್ಲಿಕ್ಕೆ ಒಂದೂವರೆ ವರ್ಷ ಉಂಟು, ಪಾಪ ಎಲ್ಲಿಗೂ ಹೋಗಿಲ್ಲ, ಹೋಗಿ ಬರ್ಲಿ ಅಂತ ಕಳಿಸ್ತಾರೆ. ಹೋಗ್ಬೇಕಾದವ್ರು ಮುಂದಿನ ನಾಲ್ಕು ವರ್ಷ ಆ ಪ್ರೋಗ್ರಾಮನ್ನು ಹೆಗಲ ಮೇಲೆ ಹೊರುವವ್ರು. ಇಲ್ಲೊಂದು ಪಂಚಾದಿಗೆ ಉಂಟು, ನಮ್ಮ ಕಾಲೇಜುಗಳಲ್ಲಿ ಎಯ್ಡೆಡ್ ಪೋಸ್ಟಿನವ್ರು (ಸರ್ಕಾರದ ಸಂಬಳದವ್ರು) ಈಗ ಬೆರಳೆಣಿಕೆ, ಮ್ಯಾನೇಜ್‌ಮೆಂಟ್ ಸ್ಟಾಫೇ ಜಾಸ್ತಿ, ಅವ್ರಲ್ಲಿ ಒಬ್ಬೊಬ್ರು ಲೆಕ್ಚರರ್ ಅರ್ಹತೆಯ ನೆಟ್ ಪರೀಕ್ಷೆ ಪಾಸಾದ ಕೂಡ್ಲೇ ಬೇರೆ ಕಡೆ ಹೋಗ್ತಾರೆ. ಅದಕ್ಕೆ ಸಾಧ್ಯ ಆದ್ರೆ ಇಬ್ರನ್ನು ಕಳಿಸಿ, ಒಬ್ರು ಖಾಯಂ, ಒಬ್ರು ಕಿರಿಯರು. ನನ್ನ ಜೊತೆ ಯಾರೂ ಬಂದಿರ್ಲಿಲ್ಲ, ಆ ತಪ್ಪಿಗೆ ಈಗ್ಲೂ ಒಬ್ನೇ ಒದ್ದಾಡ್ತಾ ಇದ್ದೇನೆ.

ಎಯ್ಡೆಡ್ ಆಗಿದ್ರೆ ಓಓಡಿ ಆರ್ಡರ್ (ಡ್ಯೂಟಿ ಮೇಲೆ ಹೊರಗೆ ಹೋಗುವ ಆದೇಶ) ಮೊದ್ಲೇ ಮಾಡ್ಸಿಟ್ಕೊಳ್ಳಿ, ಬಾಯಿಮಾತಿನಲ್ಲಿ ಹೋಗ್ಬೇಡಿ, ಬಂದ ಮೇಲೆ ಅಟೆಂಡೆನ್ಸ್ ಸರ್ಟಿಫಿಕೇಟ್ ಇಲ್ಲದೆ ಹತ್ತು ದಿನ ಗಳಿಕೆ ರಜೆಯಾದ ಇಎಲ್‌ನಿಂದ ಕಟ್ ಆದವ್ರು ಇದ್ದಾರೆ. ಹೋಗುವವರ ಕ್ಲಾಸು ಯಾರು ತಕೊಳ್ತಾರೆ ಅಂತ ಹೆಸ್ರು ಸಮೇತ ಟೈಮ್‌ಟೇಬಲ್ ಮಾಡಿ ಪ್ರಿನ್ಸಿಪಾಲ್ರ ಟೇಬಲ್ ಮೇಲೆ ಇಡಿ. ವರ್ಕ್‌ಲೋಡ್ ಹಂಚಿದ ಸಿಟ್ಟು ವಾಪಸ್ ಬಂದ ಮೇಲೆ ಪ್ರೋಗ್ರಾಮಿನ ಮೇಲೆ ಬೀಳ್ತದೆ, ಅದಕ್ಕೆ ನಾನು ಹೋಗುವ ಮೊದ್ಲೇ ಇಬ್ರಿಗೆ ಅವರ ಹತ್ತು ಕ್ಲಾಸು ತಕೊಂಡು ಸಾಲ ತೀರ್ಸಿ ಹೋದೆ.

ಡೇಟು ನೋಡುವಾಗ ಎರಡೂ ಊರಿನ ಕ್ಯಾಲೆಂಡರ್ ಪಕ್ಕಪಕ್ಕ ಇಟ್ಟು ನೋಡಿ. ಕರಾವಳಿಗೆ ಬರುವವ್ರನ್ನು ಜುಲೈಯಲ್ಲಿ ಕರೀಬೇಡಿ, ಬೆಳಿಗ್ಗೆ ಏಳಕ್ಕೆ ಡಿಸಿ ರಜೆ ಅಂತ ವಾಟ್ಸಾಪ್ ಬಂದ್ರೆ ಅತಿಥಿ ಗೆಸ್ಟ್ ರೂಮಿನಲ್ಲಿ ಕೂತು ಮಳೆ ನೋಡ್ಬೇಕಷ್ಟೇ. ಸೆಪ್ಟೆಂಬರ್ 8ರ ಆಚೀಚೆ ಮೊಂತಿ ಫೆಸ್ತ್, ಕೆಥೋಲಿಕ್ ಸ್ಟಾಫೆಲ್ಲ ತೆನೆ ಹಬ್ಬದ ಗಡಿಬಿಡಿಯಲ್ಲಿರ್ತಾರೆ. ತಮಿಳುನಾಡಿಗೆ ಹೋಗುವವ್ರು ಪೊಂಗಲ್ ವಾರ ಬಿಡಿ. ಪವಿತ್ರ ವಾರ ಯಾವ ಕಡೆಯೂ ಬೇಡ. ಇಂಟರ್ನಲ್ಸ್ ನಡೆಯುವಾಗ ಹೋದ್ರೆ ಪ್ರೋಗ್ರಾಮೇ ನಿಂತಿರ್ತದೆ. ನಾನು ಹೋದದ್ದು ಸೆಮಿಸ್ಟರಿನ ಮಧ್ಯದಲ್ಲಿ, ಪ್ರೋಗ್ರಾಮ್ ಶುರುವಾಗಿ ಆರನೇ ವಾರ, ಮಕ್ಕಳಿಗೆ ಬೋರ್ ಆಗ್ಲಿಕ್ಕೆ ಶುರುವಾಗಿ ಮೇಷ್ಟ್ರಿಗೂ ಸುಸ್ತು ಬಂದಿರುವ ಟೈಮು. ಅದೇ ಒಳ್ಳೇದು. ಉದ್ಘಾಟನೆಯ ದಿನ ಎಲ್ಲ ಪ್ರೋಗ್ರಾಮೂ ಚಂದವೇ.

ದುಡ್ಡಿನ ವಿಷ್ಯ ದೊಡ್ಡದಲ್ಲ. ರೈಲಿನ ಖರ್ಚು ಕಳಿಸುವವ್ರದ್ದು, ಊಟ ವಸತಿ ಕರೆಸಿಕೊಳ್ಳುವವ್ರದ್ದು, ಇಷ್ಟಿದ್ರೆ ಸಾಕು. ಮಂಗಳೂರಿನಿಂದ ಚೆನ್ನೈಗೋ ಮುಂಬೈಗೋ ರಾತ್ರಿ ರೈಲು ಉಂಟು, ಹೋಗಿ ಬರುವ ಥರ್ಡ್ ಎಸಿ ಟಿಕೆಟಿನ ದುಡ್ಡು ಒಂದು ಫಂಕ್ಷನ್ನಿನ ಫ್ಲೆಕ್ಸು, ಶಾಲು, ಮೊಮೆಂಟೊ, ಬಿರಿಯಾನಿಗಿಂತ ಕಮ್ಮಿಯೇ ಆಗ್ತದೆ, ಮ್ಯಾನೇಜ್‌ಮೆಂಟಿಗೆ ಹೀಗೇ ಹೇಳಿ.

ಅಲ್ಲಿ ಹತ್ತು ದಿನ

ಮೊದಲೆರಡು ದಿನ ನಿಮ್ಗೆ ಎಂತದೂ ಅರ್ಥ ಆಗುದಿಲ್ಲ, ಎಲ್ಲ ಚೆನ್ನಾಗಿಯೇ ಕಾಣ್ತದೆ, ಅವ್ರೂ ಚೆನ್ನಾಗಿರುದನ್ನೇ ತೋರಿಸ್ತಾರೆ. ಸಿಲೆಬಸ್ ಕೊಡ್ತಾರೆ, ಬ್ರೋಷರ್ ಕೊಡ್ತಾರೆ, ಪೆನ್‌ಡ್ರೈವಿನಲ್ಲಿ ಪಿಪಿಟಿ ಕೊಡ್ತಾರೆ. ತಕೊಳ್ಳಿ, ಬ್ಯಾಗಿಗೆ ಹಾಕಿ. ಅದು ಮನೆಯಲ್ಲಿ ಕೂತೇ ಓದ್ಬಹುದಿತ್ತು.

ಮೂರನೇ ದಿನ ನಾನು ಫೀಲ್ಡಿಗೆ ಹೋಗುವ ಬಸ್ಸಿಗೆ ಕಾಯ್ತಾ ಅವರ ಆಫೀಸಿನ ಬೆಂಚಿನಲ್ಲಿ ಕೂತಿದ್ದೆ. ಅಲ್ಲೊಬ್ರು ಅಟೆಂಡರ್, ಐವತ್ತೈದರ ಪ್ರಾಯದ ಅಕ್ಕ, ಟೇಬಲ್ ಡ್ರಾವರಿನಿಂದ ಒಂದು ಉದ್ದ ನೋಟ್‌ಬುಕ್ ತೆಗೆದ್ರು, ರಬ್ಬರ್ ಬ್ಯಾಂಡ್ ಹಾಕಿದ್ದು, ಮೂಲೆಗಳೆಲ್ಲ ಸುರುಳಿ ಸುತ್ತಿದ್ದು. ಒಂದು ಫೋನ್ ಮಾಡಿದ್ರು, ಆ ಕಡೆಯವ್ರು ಎಂತದೋ ಹೇಳಿದ್ರು, ಇವ್ರು ಒಂದು ಸಾಲು ಬರ್ಕೊಂಡು ಮಕ್ಕಳ ಲೀಡರಿಗೆ ಇವತ್ತು ಆ ಊರು ಬೇಡ, ಈ ಊರಿಗೆ ಹೋಗಿ ಅಂದ್ರು. ಯಾಕೆ ಅಂತ ನನ್ನ ಮುರುಕು ತಮಿಳಿನಲ್ಲಿ ಕೇಳಿದೆ. ಇವತ್ತು ಅಲ್ಲಿ ನೂರು ದಿನದ ಉದ್ಯೋಗ ಖಾತ್ರಿ ಕೆಲಸ, ಹೆಂಗಸರು ಯಾರೂ ಮನೆಯಲ್ಲಿ ಇರುದಿಲ್ಲ, ಮಕ್ಕಳು ಹೋಗಿ ಬಾಗಿಲು ನೋಡಿ ಬರ್ತಾರೆ ಅಂದ್ರು.

ನೋಟ್‌ಬುಕ್ ನೋಡ್ಬಹುದಾ ಅಂತ ಕೇಳಿದೆ. ಊರಿಗೆ ಒಂದು ಪುಟ. ಅಂಗನವಾಡಿ ಟೀಚರಿನ ನಂಬರು, ಬಸ್ಸು ಎಷ್ಟು ಗಂಟೆಗೆ ಹೋಗ್ತದೆ ಯಾವ ಬಸ್ಸಿನಲ್ಲಿ ವಾಪಸ್ ಬರ್ಬೇಕು, ಸಂಘದ ಮೀಟಿಂಗು ಯಾವ ವಾರ, ಯಾರ ಮನೆ ಜಗಲಿಯಲ್ಲಿ ಕೂರ್ಬಹುದು, ನೀರು ಯಾರ ಮನೆಯಲ್ಲಿ ಕೇಳ್ಬೇಕು, ಯಾವ ಮನೆಯ ನಾಯಿ ಕಚ್ಚುತ್ತೆ, ಹೋದ ವರ್ಷದ ಬ್ಯಾಚು ಫೋಟೋ ತೆಗೀಲಿಕ್ಕೆ ಹೋಗಿ ಯಾರ ಜೊತೆ ಜಗಳ ಆಯ್ತು. ಎಂಟು ವರ್ಷದ್ದು. ಆ ಪ್ರೋಗ್ರಾಮಿನ ಸಿಲೆಬಸ್ಸಿನಲ್ಲಿ ಕಮ್ಯುನಿಟಿ ಎಂಗೇಜ್‌ಮೆಂಟ್ ಅಂತ ಎರಡು ಶಬ್ದದಲ್ಲಿ ಮುಗಿದದ್ದು ಇಲ್ಲಿ 80 ಪುಟ ಇತ್ತು. ಕೋಆರ್ಡಿನೇಟರ್ ಮೇಡಮಿಗೆ ಅದು ಅಷ್ಟು ಮುಖ್ಯ ಅಂತ ಅನ್ನಿಸಿಯೇ ಇರ್ಲಿಲ್ಲ, ನಾನು ಕೇಳಿದ್ಮೇಲೆ ಅವ್ರೂ ಕೂತು ಓದಿದ್ರು.

ಅದಕ್ಕೆ ಹೇಳುದು, ಹೋದಲ್ಲಿ ಕ್ಲಾಸ್‌ರೂಮಿನಲ್ಲಿ ಕಮ್ಮಿ, ಆಫೀಸಿನ ಬೆಂಚಿನಲ್ಲಿ ಜಾಸ್ತಿ ಕೂತ್ಕೊಳ್ಳಿ. ಅಟೆಂಡರ್, ವ್ಯಾನ್ ಡ್ರೈವರ್, ಮಾರ್ಕ್ಸ್ ಎಂಟ್ರಿ ಮಾಡುವ ಕ್ಲರ್ಕ್, ಇವ್ರ ಹತ್ರ ಮಾತಾಡಿ. ಟೈಮ್‌ಟೇಬಲ್ಲಿನಲ್ಲಿ ಫೀಲ್ಡಿನ ಮಧ್ಯಾಹ್ನ ಹೇಗೆ ಖಾಲಿ ಮಾಡಿದ್ರು, ಲ್ಯಾಬ್ ಇರುವ ಸೈನ್ಸಿನ ಮಕ್ಕಳನ್ನು ಎಂತ ಮಾಡ್ತಾರೆ, ಹೆತ್ತವರ ಒಪ್ಪಿಗೆ ಪತ್ರ ಯಾವ ರೂಪದಲ್ಲಿ, ಹುಡುಗಿಯರು ಸಂಜೆ ಲೇಟಾದ್ರೆ ಯಾರು ಜವಾಬ್ದಾರಿ, ಬಾರದ ಮಕ್ಕಳಿಗೆ ಎಷ್ಟು ಮಾರ್ಕು ಕಟ್ಟು. ಮಕ್ಕಳ ರೆಕಾರ್ಡಿನಲ್ಲಿ ಒಂದು ಒಳ್ಳೇದು, ಒಂದು ಸಾಧಾರಣ, ಒಂದು ಕಾಪಿ ಹೊಡೆದದ್ದು, ಮೂರೂ ಕೇಳಿ. ಮೂರಕ್ಕೂ ಎಷ್ಟೆಷ್ಟು ಮಾರ್ಕು ಕೊಟ್ರು ಅಂತ ನೋಡಿದ್ರೆ ಅವರ ಪ್ರೋಗ್ರಾಮಿನ ಮನಸ್ಸು ಗೊತ್ತಾಗ್ತದೆ. ಕೊನೆಗೆ, ಯಾವ ವರ್ಷ ಕೆಟ್ಟು ಹೋಗಿತ್ತು ಅಂತ ಕೇಳಿ. ಏಳನೇ ಎಂಟನೇ ದಿನಕ್ಕೆ, ಊಟ ಮಾಡ್ತಾ ಕೇಳಿದ್ರೆ, ಹೇಳ್ತಾರೆ. ಮೊದಲ ದಿನ ಕೇಳಿದ್ರೆ ಹಾಗೇನೂ ಇಲ್ಲ ಅಂತಾರೆ.

ರಾತ್ರಿ ರೂಮಿಗೆ ಬಂದು ಒಂದು ಪುಟ ಬರೀರಿ, ಎಷ್ಟು ಸುಸ್ತಾದ್ರೂ. ಮರುದಿನ ಮರ್ತು ಹೋಗ್ತದೆ. ನಾನು ಮೊಬೈಲಿನಲ್ಲಿ ಕೊಂಕಣಿಯಲ್ಲಿ ವಾಯ್ಸ್ ರೆಕಾರ್ಡ್ ಮಾಡಿ ಹೆಂಡತಿಗೆ ಕಳಿಸ್ತಿದ್ದೆ, ಅವಳು ಕೇಳ್ತಾ ಇದ್ಲೋ ಇಲ್ವೋ, ನನಗೆ ದಾಖಲೆ ಆಯ್ತು.

ಉಳ್ಕೊಳ್ಳುವ ಜಾಗದ ಬಗ್ಗೆ ಒಂದು ಮಾತು. ಸಿಸ್ಟರ್ಸ್ ನಡೆಸುವ ವಿಮೆನ್ಸ್ ಕಾಲೇಜಿಗೆ ಗಂಡಸು ಮೇಷ್ಟ್ರು ಹೋಗುದಾದ್ರೆ ವಸತಿ ಎಲ್ಲಿ ಅಂತ ಮೊದ್ಲೇ ಕೇಳಿ, ಅವ್ರಿಗೂ ಮುಜುಗರ ಬೇಡ ನಿಮ್ಗೂ ಬೇಡ. ನಮ್ಮ ಕಾಲೇಜುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೇಷ್ಟ್ರುಗಳು ಕ್ರೈಸ್ತರಲ್ಲ, ಅವ್ರು ಹೋದಾಗ ಊಟದ ಮೊದಲಿನ ಪ್ರಾರ್ಥನೆಗೆ ಸುಮ್ಮನೆ ಎದ್ದು ನಿಂತ್ರೆ ಸಾಕು, ಬೆಳಗ್ಗಿನ ಪೂಜೆಗೆ ಬರ್ತೀರಾ ಅಂತ ಫಾದರ್ ಕೇಳಿದ್ರೆ ಇಲ್ಲ ಅನ್ನುದ್ರಲ್ಲಿ ತಪ್ಪಿಲ್ಲ. ಸಸ್ಯಾಹಾರಿ ಆದ್ರೆ ಫೋನಿನಲ್ಲೇ ಹೇಳಿಡಿ. ಭಾಷೆ ಬಾರದಿದ್ರೆ ಹೆದ್ರುದು ಬೇಡ, ಒಬ್ಬ ವಿದ್ಯಾರ್ಥಿಯನ್ನು ಜೊತೆಗೆ ಹಾಕಿ ಅಂತ ಕೇಳಿ, ಮಕ್ಕಳು ಮೇಷ್ಟ್ರಿಗಿಂತ ಸತ್ಯ ಹೇಳ್ತಾರೆ.

ವಾಪಸ್ ಬಂದ ಮೇಲೆ

ಬಂದ ವಾರದಲ್ಲೇ ಶುರು ಮಾಡ್ಬೇಕು, ಇಲ್ಲದಿದ್ರೆ ಅದು ಟ್ರಿಪ್ಪಿನ ಕತೆಯಾಗಿ ಉಳೀತದೆ. ಸಿಲೆಬಸ್ಸಿಗೆ ತುರುಕ್ಲಿಕ್ಕೆ ಹೋಗ್ಬೇಡಿ. ಆಟೋನಮಸ್ ಕಾಲೇಜಿಗೋ ಡೀಮ್ಡ್ ಯುನಿವರ್ಸಿಟಿಗೋ ಸಿಲೆಬಸ್ ತೀರ್ಮಾನ ಮಾಡುವ ತಮ್ಮದೇ ಬೋರ್ಡ್ ಆಫ್ ಸ್ಟಡೀಸ್ ಉಂಟು, ಅವ್ರು ಕ್ರೆಡಿಟ್ ಕೊಡ್ಬಹುದು. ಕ್ರೈಸ್ಟ್ ಕಾಲೇಜು 2008ರಲ್ಲಿ ಡೀಮ್ಡ್ ಆಯ್ತು, ಬೆಂಗ್ಳೂರಿನ ಸೇಂಟ್ ಜೋಸೆಫ್ಸ್ 2022ರಲ್ಲಿ ಯುನಿವರ್ಸಿಟಿಯೇ ಆಯ್ತು, ಅವರ ದಾರಿ ಬೇರೆ. ನಮ್ಮ ಹಾಗೆ ಅಫಿಲಿಯೇಟೆಡ್ ಕಾಲೇಜಿಗೆ ಪೇಪರಿನ ಒಂದು ಅಕ್ಷರ ಬದಲಿಸ್ಲಿಕ್ಕೂ ಅಧಿಕಾರ ಇಲ್ಲ. ಮತ್ತೆ ರಾಜ್ಯದಲ್ಲಿ 2024ರಿಂದ ನಾಲ್ಕು ವರ್ಷದ ಡಿಗ್ರಿ ಬಿಟ್ಟು ಮೂರು ವರ್ಷಕ್ಕೆ ವಾಪಸ್ ಬಂದ್ರು, ಹಳೇ ಕ್ರಮದ ಓಪನ್ ಎಲೆಕ್ಟಿವ್ ನಂಬಿ ಪ್ಲ್ಯಾನ್ ಮಾಡಿದವ್ರ ಟೈಮ್‌ಟೇಬಲ್ ಎಲ್ಲ ಒಟ್ರಾಶಿ ಆಯ್ತು. ನಾವು ಹಿಡಿದದ್ದು 30 ಗಂಟೆಯ ವ್ಯಾಲ್ಯೂ ಆಡೆಡ್ ಕೋರ್ಸಿನ (ಸಿಲೆಬಸ್ಸಿನ ಹೊರಗೆ ಕಾಲೇಜೇ ನಡೆಸುವ ಕೋರ್ಸಿನ) ದಾರಿ, ನ್ಯಾಕಿನ ಲೆಕ್ಕಕ್ಕೂ ಸಿಗ್ತದೆ, ಯುನಿವರ್ಸಿಟಿಯ ಪರ್ಮಿಷನ್ನಿಗೂ ಕಾಯ್ಬೇಕಂತ ಇಲ್ಲ. ಸೆಕೆಂಡ್ ಇಯರ್ ಬಿಕಾಂನ 38 ಮಕ್ಕಳು, ಆರು ಸ್ತ್ರೀಶಕ್ತಿ ಸಂಘ, ಸಂಘದ ಲೆಕ್ಕದ ಪುಸ್ತಕ ಸರಿ ಮಾಡಿಕೊಡುದು, ಅದ್ರಿಂದಲೇ ಅಕೌಂಟ್ಸಿನ ಪಾಠ ಕಲಿಯುದು.

ಅಲ್ಲಿಯ ಪ್ರೋಗ್ರಾಮಿನ ಅರ್ಧ ಭಾಗ ಬಿಟ್ವಿ. ಅವ್ರದ್ದು ರೆಸಿಡೆನ್ಷಿಯಲ್ ಕ್ಯಾಂಪ್ ಇತ್ತು, ನಮ್ಮಲ್ಲಿ ಎನ್‌ಎಸ್‌ಎಸ್ ಕ್ಯಾಂಪ್ ಈಗಾಗ್ಲೇ ಉಂಟು, ಬೇಡ. ಅವರ ಹತ್ತು ಪುಟದ ರಿಫ್ಲೆಕ್ಷನ್ ರಿಪೋರ್ಟ್ ಒಂದು ಪುಟ ಮಾಡಿದ್ವಿ, ಕನ್ನಡದಲ್ಲಿ ಬರೀಬಹುದು ಅಂದ್ವಿ, ಆಗ ಮಕ್ಕಳು ನಿಜ ಬರೀಲಿಕ್ಕೆ ಶುರು ಮಾಡಿದ್ರು. ಆದ್ರೆ ನೋಟ್‌ಬುಕ್ ಹಾಗೇ ತಂದ್ವಿ. ಮೊದಲ ತಿಂಗಳೇ ನಮ್ಮ ಮಕ್ಕಳು ಒಂದು ಊರಿಗೆ ಹೋಗಿ ಖಾಲಿ ಕೈಯಲ್ಲಿ ಬಂದ್ರು, ಯಾಕೆ ನೋಡಿದ್ರೆ ಅವತ್ತು ಹೆಂಗಸರು ಸುತ್ತಿದ ಬೀಡಿ ಕೊಡ್ಲಿಕ್ಕೆ ಬ್ರಾಂಚಿಗೆ ಹೋಗುವ ದಿನ. ನಮ್ಮ ನೋಟ್‌ಬುಕ್ಕಿನ ಮೊದಲ ಪುಟದ ಮೊದಲ ಸಾಲು ಅದೇ: ಮಂಗಳವಾರ, ಶುಕ್ರವಾರ ಬೀಡಿ ಬ್ರಾಂಚ್, ಹೋಗ್ಬೇಡಿ.

ಕಾಗದದಲ್ಲಿ ಬರ್ದಿದ್ವಲ್ಲ, ಅವ್ರನ್ನು ವಾಪಸ್ ಕರೆಸುದು, ಅದನ್ನು ತಪ್ಪಿಸ್ಬೇಡಿ. ಆದ್ರೆ ಮೊದಲ ಬ್ಯಾಚು ಮುಗಿದ ಮೇಲೆ ಅಲ್ಲ, ನಡೀತಾ ಇರುವಾಗ. ಆ ಮೇಡಂ ಎರಡನೇ ಸಲ ಬಂದಾಗ ಎವಿ ಹಾಲ್ ಇಲ್ಲ, ಶಾಲೂ ಇಲ್ಲ, ನಮ್ಮ ಅಟೆಂಡರ್ ಜೊತೆ ಒಂದು ಗಂಟೆ ಕೂತ್ರು, ಇಬ್ರಿಗೂ ಒಬ್ರ ಭಾಷೆ ಒಬ್ರಿಗೆ ಬರುದಿಲ್ಲ, ನಾನು ಮಧ್ಯದಲ್ಲಿ. ಮೂರನೇ ದಿನ ಅವ್ರು ಹೇಳಿದ್ದು ಎರಡೇ ವಿಷ್ಯ, ಮಕ್ಕಳು ಸಂಘದವರ ಲೆಕ್ಕ ತಾವೇ ಬರ್ದು ಕೊಡ್ತಾ ಇದ್ದಾರೆ, ಅವ್ರಿಗೆ ಬರೀಲಿಕ್ಕೆ ಕಲಿಸ್ತಾ ಇಲ್ಲ, ಮತ್ತೆ ಸೆಮಿಸ್ಟರ್ ಮುಗಿದ್ಮೇಲೆ ಎರಡು ತಿಂಗಳು ಯಾರು ಹೋಗ್ತಾರೆ ಅಂತ ನೀವು ಯೋಚನೆಯೇ ಮಾಡಿಲ್ಲ. ಎರಡೂ ಸರಿ. ಮೊದಲನೇದನ್ನು ಮುಂದಿನ ವಾರವೇ ತಿದ್ದಿದ್ವಿ, ಎರಡನೇದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ, ಸದ್ಯಕ್ಕೆ ಹತ್ರದ ಊರಿನ ಮೂರು ಮಕ್ಕಳು ರಜೆಯಲ್ಲಿ ಹೋಗಿ ಬರ್ತಾರೆ, ಬಸ್ ಚಾರ್ಜ್ ನಾನು ಕೊಡ್ತೇನೆ.

ಇನ್ನು ಅವರ ಕಡೆಯಿಂದ ಅಕೌಂಟ್ಸಿನ ಒಬ್ರು ಕಿರಿಯ ಮೇಷ್ಟ್ರು ನಮ್ಮ ಸಂಘದ ಲೆಕ್ಕದ ಕ್ರಮ ನೋಡ್ಲಿಕ್ಕೆ ಬರ್ತೇನೆ ಅಂದಿದ್ದಾರೆ, ಡಿಸೆಂಬರ್ ಮೊದಲ ವಾರ. ರೈಲಿನ ಬುಕಿಂಗ್ 60 ದಿನ ಮೊದ್ಲೇ ಓಪನ್ ಆಗುದು, ಕ್ರಿಸ್ಮಸ್‌ಗೆ ಊರಿಗೆ ಬರುವವರ ರಶ್ ಶುರುವಾಗುವ ಮೊದ್ಲು ಅವರ ವಾಪಸ್ ಟಿಕೆಟೂ ಒಟ್ಟಿಗೇ ಮಾಡ್ಬೇಕು. ಗೆಸ್ಟ್ ರೂಮಿನ ಫ್ಯಾನ್ ಶಬ್ದ ಮಾಡ್ತಾ ಉಂಟು, ನಾಳೆ ಎಲೆಕ್ಟ್ರಿಷಿಯನಿಗೆ ಹೇಳ್ಬೇಕು.